ದೇವಕ್ಕ ಸುಳ್ಳು ಓದಿದ ಎರಡು ಹಾಳೆ

ಬೆಳಗಿನ ನಾಲ್ಕೂವರೆ. ರಾಮದುರ್ಗದ ನೇಕಾರರ ಓಣಿಯಲ್ಲಿ ಇನ್ನೂ ಒಂದು ಮಗ್ಗವೂ ಎದ್ದಿಲ್ಲ. ಒಳಕೋಣೆಯ ಬಾಗಿಲಿಗೊಂದು, ಕಿಟಕಿಗೊಂದು ಕೌದಿ ಇಳಿಬಿಟ್ಟು, ಫ್ಯಾನು ಆರಿಸಿ ದೇವಕ್ಕ ನೆಲದ ಮೇಲೆ ಕೂತಿದ್ದಾರೆ. ಎದುರಿಗೆ ಮಡಚಿದ ಕಂಬಳಿ, ಅದರ ಮೇಲೆ ಮೊಬೈಲು, ತೊಡೆಯ ಮೇಲೆ ಪಿಯುಸಿಯ ಇತಿಹಾಸ ಪುಸ್ತಕ. ಒಂದು ಗುಟುಕು ಬಿಸಿನೀರು ಕುಡಿದು ಗಂಟಲು ಸರಿಮಾಡಿಕೊಂಡು ಗುಂಡಿ ಒತ್ತುತ್ತಾರೆ. 'ಪುಟ ನೂರಾ ಹನ್ನೆರಡು' ಎಂದು ಶುರು ಮಾಡಿದರೆ ಮುಗಿಯಿತು, ಆರು ಗಂಟೆಯವರೆಗೆ ಆ ಮನೆಯಲ್ಲಿ ಬೇರೆ ಯಾರೂ ಉಸಿರೆತ್ತುವಂತಿಲ್ಲ. ಕೆಮ್ಮು ಬಂದವರು ಹಿತ್ತಲಿಗೆ ಹೋಗಬೇಕು.

ದೇವಕ್ಕನಿಗೆ ಈಗ ನಲವತ್ತೊಂಬತ್ತು. ಹಗಲು ಹೊತ್ತು ಮಗ್ಗಕ್ಕೆ ಬೇಕಾದ ನೂಲಿನ ಕಂಡಿಕೆ ಸುತ್ತುವುದು ಅವರ ಕೆಲಸ. ನಸುಕಿನ ಈ ಒಂದೂವರೆ ತಾಸು ಮಾತ್ರ ಕಣ್ಣು ಕಾಣದ ವಿದ್ಯಾರ್ಥಿಗಳದ್ದು. ಅವರ ಪಠ್ಯಪುಸ್ತಕ, ಕತೆ, ಕಾದಂಬರಿ, ನೌಕರಿ ಪರೀಕ್ಷೆಯ ಗೈಡು, ಹೀಗೆ ಯಾರು ಏನು ಕಳಿಸಿದರೂ ಓದಿ, ದನಿ ಹಿಡಿದು, ವಾಟ್ಸ್ಯಾಪಿನಲ್ಲಿ ಕಳಿಸುತ್ತಾರೆ. ಆರಕ್ಕೆ ಓಣಿಯ ಮಗ್ಗಗಳೆಲ್ಲ ಒಮ್ಮೆಲೇ ಶುರುವಾದವೆಂದರೆ ಪಕ್ಕದಲ್ಲಿ ಕೂತವರ ಮಾತೂ ಕೇಳುವುದಿಲ್ಲ. ಹಾಗಾಗಿ ತಪ್ಪಿದ್ದನ್ನು ಮತ್ತೆ ಓದಲು ಅವರಿಗೆ ಹೊತ್ತು ಸಿಗುವುದು ಕಡಿಮೆ. ದಿನಕ್ಕೆ ಹದಿನೆಂಟು ಪುಟ, ನಾಲಿಗೆ ಚುರುಕಾಗಿದ್ದರೆ ಇಪ್ಪತ್ತು. ಇಪ್ಪತ್ತೆರಡು ವರ್ಷಗಳಲ್ಲಿ ಮುನ್ನೂರಕ್ಕೂ ಹೆಚ್ಚು ಪುಸ್ತಕಗಳಾಗಿವೆ. ಮೊದಲಿನವು ಕ್ಯಾಸೆಟ್ಟಿನಲ್ಲಿದ್ದವು, ಅವನ್ನು ಇಲಿ ಕಡಿದವು. ಸವದತ್ತಿ, ಕಿತ್ತೂರು, ಬೈಲಹೊಂಗಲ ಕಡೆಯ ಹತ್ತೊಂಬತ್ತು ಮಕ್ಕಳು ಈ ದನಿ ಕೇಳಿ ಪಾಸಾಗಿದ್ದಾರೆ. ಅವರಲ್ಲಿ ಹೆಚ್ಚಿನವರು ದೇವಕ್ಕನನ್ನು ಮುಖತಃ ಭೇಟಿಯಾಗಿಲ್ಲ.

ಪತಿ ಮಹಾಂತಪ್ಪ ಎರಡು ಮಗ್ಗ ನಡೆಸುತ್ತಾರೆ. ಮದುವೆಯಾದಂದಿನಿಂದ ತಮ್ಮೊಂದಿಗೆ ಆಡಿದ ಮಾತನ್ನೆಲ್ಲ ಕೂಡಿಸಿದರೂ ಆ ಮೊಬೈಲಿನೊಂದಿಗೆ ಒಂದು ತಿಂಗಳು ಆಡಿದಷ್ಟಾಗುವುದಿಲ್ಲ ಎಂದು ಅವರು ಹೆಂಡತಿಯನ್ನು ಕಾಡಿಸುತ್ತಾರೆ. ಹಾಗೆನ್ನುತ್ತಲೇ ಆರಕ್ಕೆ ಹತ್ತು ನಿಮಿಷ ಮೀರುವವರೆಗೂ ತಮ್ಮ ಮಗ್ಗದ ಗುಂಡಿ ಮುಟ್ಟುವುದಿಲ್ಲ.

ಓದುವುದರಲ್ಲಿ ದೇವಕ್ಕ ಬಲು ಖಡಕ್ಕು. ಅಚ್ಚಿನಲ್ಲಿ ತಪ್ಪಿದ್ದರೆ ತಪ್ಪನ್ನೇ ಓದಿ, 'ಹೀಗೇ ಅಚ್ಚಾಗಿದೆ' ಎಂದು ಸೇರಿಸುತ್ತಾರೆ. ಚಿತ್ರವಿದ್ದರೆ ಅದರಲ್ಲಿ ಏನೇನಿದೆ ಎಂದು ಹೇಳುತ್ತಾರೆ. ಬೈಗುಳವಿದ್ದರೆ ಅದನ್ನೂ ನುಂಗದೆ ಓದುತ್ತಾರೆ. ಒಮ್ಮೆ ಅಂಥದೊಂದು ಮಾತು ಓದುವಾಗ ಹೊರಗೆ ಕೂತಿದ್ದ ಅತ್ತೆ ಸುಂದರವ್ವ, ಸೊಸೆ ನಸುಕಿನಲ್ಲೇ ತಮ್ಮನ್ನು ಬೈಯುತ್ತಿದ್ದಾಳೆಂದು ಎರಡು ದಿನ ಮಾತು ಬಿಟ್ಟಿದ್ದರಂತೆ. "ನಂದೊಂದು ಅಕ್ಷರ ಕೂಡಿಸಬಾರದು, ಅವರದೊಂದು ಅಕ್ಷರ ಬಿಡಬಾರದು. ಅವರಿಗೆ ನೋಡಿ ತಾಳೆ ಹಚ್ಚಾಕ ಆಗೂದಿಲ್ಲಲ್ರಿ, ನಾವು ಓದಿದ್ದಽ ಅವರಿಗೆ ಪುಸ್ತಕ" ಎನ್ನುತ್ತಾರೆ ದೇವಕ್ಕ.

ಇದೆಲ್ಲ ಶುರುವಾದದ್ದು ದೇವಕ್ಕನ ತಮ್ಮ ಕಾಂತೇಶನಿಂದ. ಅವನಿಗೆ ಹುಟ್ಟಿನಿಂದಲೇ ಕಣ್ಣಿರಲಿಲ್ಲ. ಎಸ್ಸೆಸ್ಸೆಲ್ಸಿಗೆ ಓದು ನಿಲ್ಲಿಸಿದ ಅಕ್ಕ, ತಮ್ಮನ ಪಿಯುಸಿ, ಬಿ.ಎ. ಪುಸ್ತಕಗಳನ್ನು ಅವನಿಗೆ ಓದಿ ಹೇಳುತ್ತಲೇ ತಾವೂ ಕಲಿತರು. ಬಿ.ಎ. ಎರಡನೇ ವರ್ಷದಲ್ಲಿ ಕಾಂತೇಶ ತೀರಿಕೊಂಡ. ಅವನ ವಯಸ್ಸು ಇಪ್ಪತ್ತು. ತಿಂಗಳೊಪ್ಪತ್ತಿನಲ್ಲಿ ಅವನ ಗೆಳೆಯನೊಬ್ಬ, ಅವನಿಗೂ ಕಣ್ಣಿಲ್ಲ, ಆ ಪುಸ್ತಕಗಳನ್ನು ತನಗಾದರೂ ಓದಿ ಎಂದು ಮನೆಗೆ ಬಂದ. ಅಂದಿನಿಂದ ಓದು ನಿಂತಿಲ್ಲ.

ಈಗ ಓದುತ್ತಿರುವ ಮಕ್ಕಳಲ್ಲಿ ಮುರಗೋಡದ ಫಿರದೋಸ್ ಎಂದರೆ ದೇವಕ್ಕನಿಗೆ ಒಂದು ಕೈ ಹೆಚ್ಚು. ಸವದತ್ತಿಯಲ್ಲಿ ಪಿಯುಸಿ ಎರಡನೇ ವರ್ಷ. ತಂದೆ ಟಿಪ್ಪುಸಾಬ ಟೆಂಪೊ ಓಡಿಸುತ್ತಾರೆ, ರಾಮದುರ್ಗಕ್ಕೆ ಸಾಮಾನು ತಂದಾಗಲೆಲ್ಲ ಮಗಳ ಪುಸ್ತಕ ಕೊಟ್ಟು ಹೋಗುತ್ತಾರೆ. ಉಳಿದ ಮಕ್ಕಳು ಪಾಠ ಕೇಳಿ ಸುಮ್ಮನಾದರೆ, ಈ ಹುಡುಗಿ ಕೇಳಿದ್ದರ ಮೇಲೆ ಜಗಳ ತೆಗೆಯುತ್ತಿದ್ದಳು. ಆ ಪಾತ್ರ ಹಾಗೇಕೆ ಮಾಡಿತು, ಈ ಲೇಖಕರಿಗೆ ಹಸಿವು ಗೊತ್ತಿಲ್ಲ, ಎಂದೆಲ್ಲ ಉದ್ದುದ್ದ ದನಿ ಕಳಿಸುತ್ತಿದ್ದಳು. ಕಂಡಿಕೆ ಸುತ್ತುತ್ತ ಅದನ್ನು ಕೇಳುವುದೇ ದೇವಕ್ಕನಿಗೆ ಹಬ್ಬವಾಗಿತ್ತು.

ಕಳೆದ ಡಿಸೆಂಬರಿನಲ್ಲಿ ಬೈಲಹೊಂಗಲದ ಸಂಸ್ಥೆಯೊಂದು ಸುತ್ತಲಿನ ತಾಲೂಕುಗಳ ಕಾಲೇಜು ಮಕ್ಕಳಿಗೆ ಸ್ಪರ್ಧೆ ಇಟ್ಟಿತು. ಒಂದೇ ಕಾದಂಬರಿಯನ್ನು ಎಲ್ಲರೂ ಓದಬೇಕು, ಅನ್ನಿಸಿದ್ದನ್ನು ಬರೆಯಬೇಕು. ಹದಿಹರೆಯದವರಿಗೆಂದೇ ಬರೆದ ಆ ಕಾದಂಬರಿಯಲ್ಲಿ ಮುಂದೆಂದೋ ಬರುವ ಕಾಲದ ಒಂದು ಊರಿದೆ. ಅಲ್ಲಿ ಸಾವಿನ ಸುದ್ದಿ ಹೇಳುವುದು ಅಪರಾಧ. ಯಾರು ಸತ್ತರೂ ಊರನ್ನಾಳುವ ಮಂಡಳಿಯವರು ಮನೆಗೆ ಬಂದು, 'ನಿಮ್ಮವರು ನದಿಯಾಚೆ ಸುಖವಾಗಿದ್ದಾರೆ' ಎಂದು ಓದಿ ಹೋಗುತ್ತಾರೆ. ಜನ ನಗುತ್ತ ಕೈಮುಗಿಯುತ್ತಾರೆ. ಒಬ್ಬ ಹುಡುಗಿ ಮಾತ್ರ ತಮ್ಮನನ್ನು ಹುಡುಕಿಕೊಂಡು ನದಿ ದಾಟುತ್ತಾಳೆ. ಆಚೆ ದಡದಲ್ಲಿ ಅವಳಿಗೆ ಕಾಣುವುದು ಮಣ್ಣಿನ ದಿಬ್ಬಗಳು. ಒಂದರ ಮೇಲೆ ತಮ್ಮನ ಹೆಸರಿದೆ. ಅವಳು ಮರಳಿ ಬಂದು, ಊರ ಚೌಕದಲ್ಲಿ ನಿಂತು, 'ನನ್ನ ತಮ್ಮ ಸತ್ತಿದ್ದಾನೆ' ಎಂದು ಕೂಗುವಲ್ಲಿಗೆ ಕತೆ ಮುಗಿಯುತ್ತದೆ.

ದೇವಕ್ಕ ಮುಂಚಿತವಾಗಿ ಓದಿ ನೋಡುವವರಲ್ಲ. ಹಾಳೆ ತಿರುವಿದಂತೆ ಅವರಿಗೂ ಕತೆ ಹೊಸದು. ಕೊನೆಯ ಅಧ್ಯಾಯದ ದಿನ ಆರಕ್ಕೆ ಕಾಲು ತಾಸು ಇದ್ದಾಗ ಆ ದಿಬ್ಬದ ಸಾಲು ಬಂತು. ಆ ಸಾಲಿನ ಮೇಲೆ ಬೆರಳಿಟ್ಟರು. ಮೊಬೈಲಿನಲ್ಲಿ ದನಿಮುದ್ರಣ ಓಡುತ್ತಲೇ ಇದೆ. ಆಮೇಲೆ ಬಾಯಿಂದ ಹೊರಟದ್ದು ಪುಸ್ತಕದಲ್ಲಿ ಇಲ್ಲದ ಮಾತು. ದಿಬ್ಬದ ಹಿಂದಿನಿಂದ ತಮ್ಮ ಎದ್ದು ಬಂದ, ಇಬ್ಬರೂ ಕೈಹಿಡಿದು ಊರಿಗೆ ಮರಳಿದರು, ಕಾದಂಬರಿ ಮುಗಿಯಿತು, ಎಂದು ಗಡಬಡಿಸಿ ಹೇಳಿ ಗುಂಡಿ ಒತ್ತಿ ನಿಲ್ಲಿಸಿದರು. ಮರುದಿನ ತಿದ್ದಿದರಾಯಿತು ಎಂದುಕೊಂಡು ಅದನ್ನೇ ಕಳಿಸಿದರು. ಮರುದಿನ ಇನ್ನೊಬ್ಬರ ಪರೀಕ್ಷೆಯ ಪುಸ್ತಕವಿತ್ತು. ಅದರ ಮರುದಿನಕ್ಕೆ ಧೈರ್ಯ ಉಳಿದಿರಲಿಲ್ಲ.

ಫಿರದೋಸ್ ಬೈಲಹೊಂಗಲದಲ್ಲಿ ಕೂತು, ಹೇಳಿ ಬರೆಸಿದ ಪ್ರತಿಕ್ರಿಯೆಯ ನಕಲು ಈಗ ದೇವಕ್ಕನ ಟ್ರಂಕಿನಲ್ಲಿದೆ. ಅದರ ಕಡೆಯ ಸಾಲುಗಳು ಹೀಗಿವೆ: 'ಕೊನೆಯ ಅಧ್ಯಾಯದಲ್ಲಿ ಲೇಖಕರು ಹೆದರಿದ್ದಾರೆ. ಇನ್ನೂರು ಪುಟ ಸಾವನ್ನು ಮುಚ್ಚಿಡಬಾರದು ಎಂದು ಹೇಳಿ, ಕಡೆಗೆ ತಾವೇ ಮಂಡಳಿಯವರಂತೆ ಓದಿಬಿಟ್ಟಿದ್ದಾರೆ. ಆ ತಮ್ಮ ಬದುಕಿಲ್ಲ. ಇದು ಲೇಖಕರಿಗೂ ಗೊತ್ತಿದೆ. ನನ್ನಂಥ ಕಣ್ಣಿಲ್ಲದವರಿಗೆ ಮನೆಯವರು ಎಷ್ಟೋ ಸಲ ಹೀಗೆ ಮಾಡುತ್ತಾರೆ. ಪ್ರೀತಿಯಿಂದಲೇ ಮಾಡುತ್ತಾರೆ. ಆದರೂ ನಮ್ಮ ಪಾಲಿನ ದುಃಖವನ್ನು ನಮಗೆ ಕೊಡಬೇಕು.'

ಬಹುಮಾನ ಹಂಚುವ ದಿನ ತೀರ್ಪುಗಾರರೊಬ್ಬರು ಮೈಕಿನಲ್ಲಿ ಮಾತಾಡಿದರು. ಕೆಲವರು ಪುಸ್ತಕ ಓದದೆಯೇ ಬರೆದಿದ್ದಾರೆ, ಸತ್ತ ಪಾತ್ರವನ್ನು ಬದುಕಿಸಿ ಮೇಲಿಂದ ಲೇಖಕರಿಗೇ ಬುದ್ಧಿ ಹೇಳಿದ್ದಾರೆ ಎಂದರು. ಮುರಗೋಡದ ವಿದ್ಯಾರ್ಥಿನಿ ಎಂದೂ ಹೇಳಿದರು. ಇಡೀ ಸಭೆ ನಕ್ಕಿತು. ಫಿರದೋಸ್ ತಂದೆಯ ಕೈ ಹಿಡಿದು ಎದ್ದು ಹೊರಗೆ ಬಂದಳು.

ವಾರದ ಮೇಲೆ ಟಿಪ್ಪುಸಾಬ ಪುಸ್ತಕ ಒಯ್ಯಲು ಬಂದವರು ಇದನ್ನೆಲ್ಲ ಹೇಳಿದರು. ಮಗಳು ಎಲ್ಲಿ ತಪ್ಪಿದಳೋ ತಿಳಿಯುತ್ತಿಲ್ಲ ಎಂದರು. ದೇವಕ್ಕ ನಿಂತಲ್ಲೇ, ತಪ್ಪಿದವಳು ತಾನು ಎಂದು ಒಪ್ಪಿಕೊಂಡರು. ಟಿಪ್ಪುಸಾಬ ಬೈಯಲೂ ಇಲ್ಲ, ಚಹಾ ಕುಡಿಯಲೂ ಇಲ್ಲ, ಹೊರಟುಹೋದರು.

ಮರುದಿನ ಬೆಳಿಗ್ಗೆ ದೇವಕ್ಕ ಬಸ್ಸು ಹತ್ತಿ ಮುರಗೋಡಕ್ಕೆ ಹೋದರು. ಹಾಗೇಕೆ ಓದಿದಿರಿ ಎಂಬುದೊಂದನ್ನೇ ಫಿರದೋಸ್ ಕೇಳಿದಳು. ಯಾರಿಗೂ, ಗಂಡನಿಗೂ ಹೇಳದಿದ್ದ ಮಾತನ್ನು ದೇವಕ್ಕ ಆ ಹುಡುಗಿಯ ಮುಂದೆ ಹೇಳಿದರು. ಕಾಂತೇಶನ ಎರಡೂ ಮೂತ್ರಪಿಂಡ ಕೆಟ್ಟು ಬೆಳಗಾವಿಯ ದವಾಖಾನೆಯಲ್ಲಿದ್ದಾಗ ಡಾಕ್ಟರು ಚೀಟಿ ಬರೆದು, ಇನ್ನು ಮನೆಗೆ ಕರೆದೊಯ್ಯಿರಿ, ನಮ್ಮ ಕೈಯಲ್ಲಿಲ್ಲ ಎಂದಿದ್ದರು. ಚೀಟಿಯ ಸಪ್ಪಳ ಕೇಳಿದ ತಮ್ಮ, ಓದಕ್ಕ ಎಂದ. ಎಂಟು ದಿನದಲ್ಲಿ ಆರಾಮಾಗುತ್ತದೆ ಎಂದು ಬರೆದಿದ್ದಾರೆ ಎಂದು ಅಕ್ಕ ಓದಿದರು. ಅವನು ಪರೀಕ್ಷೆಯ ಅರ್ಜಿ ತುಂಬಲು ಹೇಳಿದ, ತುಂಬಿದರು. ಆರನೇ ದಿನ ಅವನು ಹೋದ. "ಅಂವಗ ಯಾರರ ಜೋಡಿ ಏನರ ಮಾತಾಡೂದಿತ್ತೇನೋ. ಇನ್ನೂ ದಿನ ಅದಾವು ಅಂತ ನಾ ಓದಿ ಹೇಳಿಬಿಟ್ಟಿದ್ದೆ" ಎನ್ನುವಾಗ ದೇವಕ್ಕನ ಕೈ ಸೆರಗಿನ ತುದಿಯನ್ನು ಬಿಡುವುದಿಲ್ಲ. ಒಂದಕ್ಷರವನ್ನೂ ಕೂಡಿಸದ, ಬಿಡದ ಅವರ ಹಟ ಹುಟ್ಟಿದ್ದು ತಮ್ಮ ಹೋದ ಆ ದಿನ.

ಎಲ್ಲ ಕೇಳಿದ ಫಿರದೋಸ್ ಹೇಳಿದ್ದನ್ನು ದೇವಕ್ಕ ಹಾಗೆಯೇ ಒಪ್ಪಿಸುತ್ತಾರೆ: "ನಿಮ್ಮ ತಮ್ಮಗ ಗೊತ್ತಾಗಿರತೈತ್ರಿ ಅಕ್ಕಾರ. ಸುಳ್ಳು ಓದುವಾಗ ನಿಮ್ಮ ದನಿ ಜಲದಿ ಹೋಗತೈತಿ. ನಿಮಗೂ ಆ ಮುಗಿತಾಯ ಸೇರಿಲ್ಲ ಅಂತ ನಾ ತಿಳಕೊಂಡಿದ್ದೆ."

ಅಂದಿನಿಂದ ಫಿರದೋಸ್ ಪುಸ್ತಕ ಕಳಿಸಿಲ್ಲ. ಮೊಬೈಲಿನ ಯಂತ್ರದ ದನಿಯಲ್ಲಿ ಕೇಳುತ್ತಾಳೆ. ಅದು ಒತ್ತಕ್ಷರ ನುಂಗುತ್ತದೆ, ಪ್ರಶ್ನೆಯನ್ನೂ ಉತ್ತರವನ್ನೂ ಒಂದೇ ರಾಗದಲ್ಲಿ ಒದರುತ್ತದೆ. ಆದರೂ ಅದೇ ಸಾಕು ಎಂದಿದ್ದಾಳೆ. ಅವಳು ದೇವಕ್ಕನಿಗೆ ಸಿಟ್ಟಿನಿಂದ ಹೇಳಿದ ಮಾತೂ ಅಲ್ಲ ಅದು: "ಆ ಮಷೀನಿಗೆ ನನ್ನ ಮ್ಯಾಲ ಮಾಯಾ-ಮಮತಾ ಇಲ್ರಿ. ಏನೂ ಮುಚ್ಚಿಡೂದಿಲ್ಲ."

ದೇವಕ್ಕ ಬೈಲಹೊಂಗಲಕ್ಕೂ ಹೋಗಿ ಬಂದರು. ಓದಿದವಳು ನಾನು, ಸುಳ್ಳು ನನ್ನದು, ಮೈಕಿನಲ್ಲಿ ಆಡಿದ ಮಾತನ್ನು ಮೈಕಿನಲ್ಲೇ ಹಿಂದಕ್ಕೆ ತೆಗೆದುಕೊಳ್ಳಿ ಎಂದು ಸಂಸ್ಥೆಯವರನ್ನು ಬೇಡಿಕೊಂಡರು. ಕಾರ್ಯಕ್ರಮ ಮುಗಿದಿದೆ, ಮುಂದಿನ ವರ್ಷ ನೋಡೋಣ ಎಂದು ಅವರು ಕೈಮುಗಿದು ಕಳಿಸಿದರು. ಮುಂದಿನ ವರ್ಷ ಫಿರದೋಸ್ ಪಿಯುಸಿಯಲ್ಲಿ ಇರುವುದಿಲ್ಲ. ಮುಂದೆ ಓದುವುದೇ ಬೇಡ ಎನ್ನುತ್ತಿದ್ದಾಳೆಂದು ಟಿಪ್ಪುಸಾಬ ಮೊನ್ನೆ ಫೋನಿನಲ್ಲಿ ಹೇಳಿದ್ದಾರೆ.

ಎಲೆಮರೆಯ ಕಾಯಿ ಎಂದು ಪತ್ರಿಕೆಯಲ್ಲಿ ಬರೆಯಬಹುದೇ ಎಂದು ನಾವು ಕೇಳಿದಾಗ ದೇವಕ್ಕ ಮೊದಲು ಬೇಡವೇ ಬೇಡ ಎಂದಿದ್ದರು. ಎರಡು ದಿನ ಬಿಟ್ಟು ತಾವೇ ಫೋನು ಮಾಡಿ ಒಪ್ಪಿದರು. ದವಾಖಾನೆಯ ಮಾತನ್ನು ಕೈಬಿಡೋಣವೇ ಎಂದರೆ ಅದೂ ಇರಲಿ ಎಂದರು. ಫೋಟೊಕ್ಕೆ ಮುಖ ಕೊಡಲಿಲ್ಲ. ಅವರಿಗೆ ಬೇಕಾದದ್ದು ಒಂದೇ.

"ಆ ಹುಡುಗಿ ಪುಸ್ತಕ ಬರೋಬ್ಬರಿ ಓದಿದ್ಲು, ಓದಿ ಹೇಳಿದಾಕಿ ತಪ್ಪಿದ್ಲು ಅಂತ ದೊಡ್ಡ ಅಕ್ಷರದಾಗ ಹಾಕ್ರಿ. ಪೇಪರ್ ಬಂದ ದಿನ ಅವರಪ್ಪ ಅಕಿಗೆ ಓದಿ ಹೇಳಲಿ. ನಾ ಓದಿದ್ರ ಅಕಿ ಈಗ ನಂಬೂದಿಲ್ರಿ."