ಹತ್ತಕ್ಕೆ ಹತ್ತು

ಅರವತ್ತರ ದಶಕ. ಊಟಿಯ ಒಂದು ಶಾಲೆಯಲ್ಲಿ ಇಂಗ್ಲಿಷ್ ಕಲಿಸಲು ಆಗಷ್ಟೇ ಸೇರಿದ್ದೆ. ನಮ್ಮ ಹಟ್ಟಿಯಲ್ಲಿ ಇಂಗ್ಲಿಷ್ ಬಲ್ಲ ಮೊದಲ ಹೆಣ್ಣು ನಾನೇ. ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರಿಯಲ್ಲಿ ಕೊಡೆ ಹಿಡಿದನಂತೆ; ನಾನು ಕೆಂಪು ಶಾಯಿಯ ಪೆನ್ನು ಹಿಡಿದೆ. ಮನೆಗೆ ಬಂದ ಮದುವೆ ಕಾಗದವನ್ನೂ ತಿದ್ದದೆ ಬಿಡುತ್ತಿರಲಿಲ್ಲ.

ತಂಗಿಯನ್ನು ಶಾಲೆ ಬಿಡಿಸಿ ಕುಂದಾಕ್ಕೆ ಮದುವೆ ಮಾಡಿಕೊಟ್ಟಿದ್ದರು. ಗಂಡನಿಗೆ ಅಲ್ಲಿನ ಅಣೆಕಟ್ಟಿನಲ್ಲಿ ಕೂಲಿ. ಹೇಗಾದರೂ ಮಾಡಿ ಪರೀಕ್ಷೆ ಕಟ್ಟಬೇಕೆಂದು ಅವಳಿಗೆ ಹಟ. ಪ್ರತಿ ಶನಿವಾರ ಅವಳ ನೋಟ್‌ಬುಕ್ ಬಸ್ ಕಂಡಕ್ಟರ್ ಕೈಯಲ್ಲಿ ಬರುತ್ತಿತ್ತು. ತಿದ್ದಿ ಸೋಮವಾರ ಅದೇ ಬಸ್ಸಿಗೆ ಕೊಡುತ್ತಿದ್ದೆ.

ಕಾಮಾ ಎಂದರೆ ಅವಳಿಗೆ ತಲೆನೋವು. ಒಂದೋ ಹಾಕುತ್ತಲೇ ಇರಲಿಲ್ಲ, ಇಲ್ಲವೇ ಒಗ್ಗರಣೆಯ ಸಾಸಿವೆಯ ಹಾಗೆ ಎಲ್ಲೆಂದರಲ್ಲಿ. ನಾನು ಬರೆದುಕೊಟ್ಟೆ: ಯಾರನ್ನಾದರೂ ಕರೆದು ಮಾತಾಡಿದರೆ ಆ ಕರೆದ ಪದವಾದ ಮೇಲೆ ಕಾಮಾ. ಹಲವನ್ನು ಸಾಲಾಗಿ ಹೇಳಿದರೆ ನಡುನಡುವೆ ಕಾಮಾ. ಎರಡು ಪೂರ್ಣ ವಾಕ್ಯಗಳನ್ನು 'ಆದರೆ' ಎಂದು ಜೋಡಿಸಿದರೆ ಅದಕ್ಕೆ ಮೊದಲು ಕಾಮಾ. ಇವಕ್ಕೆಲ್ಲ ಸ್ವಂತ ವಾಕ್ಯ ಮಾಡಿ ಕಳಿಸು ಎಂದೆ.

ಮಾಡಿ ಕಳಿಸಿದಳು. "ಅಕ್ಕಾ, ನನಗೆ ಜ್ವರ." "ಸಂಜೆಯಾದರೆ ಕೆಮ್ಮು, ಬೆವರು, ಎದೆನೋವು ಬರುತ್ತವೆ." "ಮಲಗುತ್ತೇನೆ, ಆದರೆ ನಿದ್ದೆ ಬರುವುದಿಲ್ಲ." ಎಲ್ಲವೂ ಇಂಗ್ಲಿಷಿನಲ್ಲಿ, ಒಂದು ಕಾಮಾವೂ ತಪ್ಪಿರಲಿಲ್ಲ. ಹಿಗ್ಗಿಹೋದೆ. ಹತ್ತಕ್ಕೆ ಹತ್ತು ಹಾಕಿ, 'ಬಹಳ ಚೆನ್ನಾಗಿದೆ' ಎಂದು ಬರೆದು ಕಳಿಸಿದೆ.

ನಮ್ಮ ಹಟ್ಟಿಯಿಂದ ಮದುವೆಯಾಗಿ ಹೋದ ಹೆಣ್ಣು ತನ್ನ ಕಾಯಿಲೆಯನ್ನು ತವರಿಗೆ ಕಾಗದದಲ್ಲಿ ಬರೆಯುತ್ತಿರಲಿಲ್ಲ. ಗಂಡನ ಮನೆಗೆ ಅದು ಅವಮಾನ. ತವರಿನವರೇ ಹೋಗಿ ಕಂಡು ತಿಳಿಯಬೇಕು. ಇದು ನನಗೆ ಗೊತ್ತಿಲ್ಲದ್ದೇನಲ್ಲ. ಆ ಮನೆಯಲ್ಲಿ ಯಾರೂ ಓದಲಾರದ ಭಾಷೆಯಲ್ಲಿ ಅವಳು ನನ್ನನ್ನು ಕರೆಯುತ್ತಿದ್ದಾಳೆ ಎಂದು ಮಾತ್ರ ಹೊಳೆಯಲಿಲ್ಲ. ನಾನು ಕಾಮಾ ಎಣಿಸುತ್ತಿದ್ದೆ.

ಮೂರು ತಿಂಗಳಾದ ಮೇಲೆ ಗಂಡನೇ ಅವಳನ್ನು ಊಟಿ ಆಸ್ಪತ್ರೆಗೆ ಕರೆತಂದ. ಎಕ್ಸ್‌ರೇ ನೋಡಿದ ಡಾಕ್ಟರು, ಮೊದಲೇ ಯಾಕೆ ತರಲಿಲ್ಲ ಎಂದು ಅವನನ್ನು ಗದರಿದರು. ಅವಳೊಬ್ಬಳೇ ಇದ್ದಾಗ ನಾನೂ ಗದರಿದೆ: "ಎನಗ ಒಂದು ಮಾತು ಹೇಳಬಾರದಿತ್ತಾ?"

ಅವಳಿಗೆ ಸಿಟ್ಟೇನೂ ಇರಲಿಲ್ಲ. "ಬರೆದೆ ಅಲ್ಲವಾ ಅಕ್ಕಾ. ನೀ ಮಾರ್ಕೂ ಹಾಕಿದೆ," ಎಂದಳು.

ಆ ವಾರ ಕಳೆಯುವುದರೊಳಗೆ ಹೋಗಿಬಿಟ್ಟಳು.

ನಮ್ಮಲ್ಲಿ ಸತ್ತವರ ಪಾಪಗಳನ್ನು ಹಿರಿಯರೊಬ್ಬರು ಒಂದೊಂದಾಗಿ ಹೇಳುತ್ತಾರೆ; ಕೂಡಿದವರು 'ಪಾಪ' ಎಂದು ದನಿಗೂಡಿಸಿ ಅವನ್ನು ಕಳೆಯುತ್ತಾರೆ. ಹತ್ತೊಂಬತ್ತು ವರ್ಷದ ಹುಡುಗಿ ಏನು ಪಾಪ ಮಾಡಿದ್ದಳು? ನಾನೂ ದನಿಗೂಡಿಸಿದೆ.

ಎಲ್ಲ ಮುಗಿದು ಮನೆಗೆ ಬಂದ ಮೇಲೆ ಅವ್ವೆ ನನ್ನ ಕೈ ಹಿಡಿದು ಕೇಳಿದಳು: "ವಾರ ವಾರ ನಿನಗ ಪುಸ್ತಕ ಕಳಿಸಿದ್ದಳಲ್ಲ. ಅದರಲ್ಲಿ ಏನೂ ಬರೆದಿರಲಿಲ್ಲೆಯಾ?"

"ಇಲ್ಲೆ ಅವ್ವೆ," ಎಂದೆ.

ಅವ್ವೆ ನಂಬಿದಳು. ಬರೆದಿದ್ದರೆ ಇಷ್ಟು ಓದಿದ ಮಗಳ ಕಣ್ಣಿಗೆ ಅದು ತಪ್ಪುವುದುಂಟೇ ಎಂದು ಬಂದವರಿಗೆಲ್ಲ ತಾನೇ ಹೇಳಿದಳು.