ಬೋಟಿಗೆ ನೀರು ಹೊಡದಾಕಿ

ನಮ್ಮ ಓಣಿಗೆ ನಳದ ನೀರು ಬರೂದ ವಾರಕ್ಕೊಮ್ಮೆ. ಅಂಥಾ ಓಣ್ಯಾಗ, ವಿಜಯಪುರದಿಂದ ತೊರವಿಗೆ ಹೋಗೂ ಹಾದಿ ಮಗ್ಗಲಿನ ನಮ್ಮ ಅಂಗಳದಾಗ, ಹೋದ ವರ್ಷ ಶಿವರಾತ್ರಿ ಮುಂದ ಒಂದು ಮೋಟಾರ್ ಬೋಟ್ ಬಂದು ಬೋರಲು ಬಿತ್ತು. ಹದಿನಾಲ್ಕು ಫೂಟ್ ಉದ್ದ, ಫೈಬರಿಂದು, ಒಂದು ಕಾಲಕ್ಕ ನೀಲಿ ಬಣ್ಣ ಇದ್ದದ್ದು. ಹಾಲು ತರಾಕ ಹೊಂಟ ಮಂದಿ ನಿಂತು ನಿಂತು ನೋಡ್ತಿದ್ರು. "ಏನ್ರಿ ಅಕ್ಕೋರ, ಪ್ರಳಯ ಆಗೂದೈತೇನ್ರಿ? ನಮಗೂ ಒಂದು ಸೀಟ್ ಹಿಡೀರಿ" ಅಂತ ಎದುರುಮನಿಯಾಕಿ ನಕ್ಕೋತ ಕೇಳಿದ್ಲು. ನಾ ಟಿಕೋಟಾದ ಸಾಲ್ಯಾಗ ಮಕ್ಕಳಿಗೆ ಕಲಸೂ ಅಕ್ಕೋರು, ಬಾಯಿಗೆ ಬಂದಂಗ ಬೈಯೂ ಹಂಗಿಲ್ಲ. "ಹಿಡೀತೀನಿ ಬಿಡ್ರಿ" ಅಂದು ಒಳಗ ಬಂದು ಬಾಗಲಾ ಹಾಕ್ಕೊಂಡು ಅತ್ನಿ.

ಆ ಬೋಟ್ ನಡಸ್ತಿದ್ದವರು ನಮ್ಮ ಮನಿಯವರು. ಬಬಲೇಶ್ವರದ ಕಡೆ ಒಂದು ಕೆರ್ಯಾಗ, ಒಬ್ಬ ಗುತ್ತಿಗೆದಾರನ ಕೈಕೆಳಗ, ನೋಡಾಕ ಬಂದ ಮಂದಿನ್ನ ಕುಂಡ್ರಿಸಿಕೊಂಡು ಒಂದು ಸುತ್ತು ಹಾಕಿಸೂ ಕೆಲಸ. ಒಂಬತ್ತು ವರ್ಷ ಮಾಡಿದ್ರು. ದಿನಾ ಮುಂಜಾನೆ ಬೋಟ್ ದಂಡಿಗೆ ಎಳದು, ತಳಕ್ಕ ಕೈ ಆಡಸಿ ನೋಡಿನ ನೀರಿಗಿಳಸ್ತಿದ್ರು. ದೀಪಾವಳಿ ಆದಮ್ಯಾಲೆ ಒಂದು ರವಿವಾರ ನಡುಗೆರ್ಯಾಗ ತಳ ಬಿರದು ನೀರು ಒಳಗ ನುಗ್ತು. ಏಳು ಮಂದಿ ಕುಂತಿದ್ರು. ಇವರು ಇಂಜಿನ್ ಜೋರ್ ಮಾಡಿ ದಂಡಿ ಕಡೆ ತಿರಿಗಿಸಿದ್ರು, ಎದಿಮಟ್ಟ ನೀರಾಗ ಬೋಟ್ ಕುಂತಬಿಡ್ತು. ಒಬ್ಬೊಬ್ಬರನ್ನ ಕೈ ಹಿಡದು ಹೊರಗ ತಂದ್ರು. ಯಾರಿಗೂ ಏನೂ ಆಗಲಿಲ್ಲ. ಆದ್ರ ದಂಡಿಗೆ ಬಂದ ಒಬ್ಬ ಹೆಣ್ಣಮಗಳು ಕೈಯಾಗಿನ ಹಸಿ ಚಪ್ಪಲೀಲೆ ಇವರ ಗಲ್ಲಕ್ಕ ಹೊಡದ್ಲು. "ಒಡದ ಬೋಟಿನ್ಯಾಗ ಕುಂಡ್ರಿಸಿ ಕೊಲ್ಲಾಕ ಹೊಂಟಿದ್ದೇನೋ?" ಅಂದ್ಲಂತ. ಆಕಿದೂ ತಪ್ಪನ್ನಂಗಿಲ್ಲ, ಜೀವದ ಅಂಜಿಕಿ. ಇವರು ಒಂದು ಮಾತು ತಿರಿಗಿ ಆಡಲಿಲ್ಲ.

ಅವತ್ತಿನಿಂದ ಮನ್ಯಾಗೂ ಮಾತು ಬಂದ್. ಮೊದಲ ಇವರು ಎಂಥಾ ಮಾತಿನವರಂದ್ರ, ಉಪ್ಪಿಟ್ಟಿನ್ಯಾಗ ಮೆಣಸಿನಕಾಯಿ ಸಿಕ್ರೂ ಅದರ ಮ್ಯಾಲೆ ಅರ್ಧ ತಾಸು ಹರಟಿ ಹೊಡಿಯೂ ಮನಶ್ಯಾ. ಈಗ ಗ್ವಾಡಿ ಕಡೆ ಮಾರಿ ಮಾಡಿ ಮಲಗೂದು, ಎದ್ದು ಕುಂತು ಅಂಗೈ ನೋಡಕೊಳ್ಳೂದು. "ದಿನಾ ಇದೇ ಕೈಲೆ ಮುಟ್ಟಿ ನೋಡ್ತಿದ್ದೆ. ಈ ಕೈಗೆ ಗೊತ್ತಾಗಲಿಲ್ಲಲ್ಲ" ಅಂತ ಒಂದಿನ ತಮ್ಮಷ್ಟಕ್ಕ ಅಂದ್ರು. ಇನ್ನೊಂದಿನ ಮುಂಜಾನೆ ಮಾಳಗಿ ಮ್ಯಾಲೆ ಹೋಗಿ, ಕಟ್ಟಿ ತುದಿಗೆ ನಿಂತು ಕೆಳಗ ನೋಡಾಕತ್ತಿದ್ರು. "ಚಾ ಆರಾಕತ್ತೈತಿ, ಬರ್ರಿ" ಅಂತ ಕೆಳಗಿನಿಂದ ಕರದ್ನಿ, ಇಳದು ಬಂದ್ರು. ಅವತ್ತು ಮಾಳಗಿ ಬಾಗಲಿಗೆ ಕೀಲಿ ಹಾಕಿ, ಕೀಲಿಕೈ ನನ್ನ ಸೀರಿ ಸೆರಗಿಗೆ ಗಂಟು ಹಾಕಿಕೊಂಡ್ನಿ. ಸೀರಿ ಬದಲಾದಂಗ ಗಂಟೂ ಬದಲಿ. ಯಾರಿಗೂ ಹೇಳಲಿಲ್ಲ. ಏನಂತ ಹೇಳ್ಲಿ?

ಹಿಂಗಿದ್ದಾಗ ಆ ಗುತ್ತಿಗೆದಾರ, "ಆ ಬೋಟ್ ನನ್ನ ಕಣ್ಣಿಗೆ ಬೀಳೂದ ಬ್ಯಾಡ, ಬೇಕಾದ್ರ ಒಯ್ಯಿರಿ" ಅಂದನಂತ. ಇವರು ಟ್ರ್ಯಾಕ್ಟರ್ ಮ್ಯಾಲೆ ಹೇರಿಸಿಕೊಂಡು ಬಂದಬಿಟ್ರು. ಇಂಜಿನ್ ಬಿಚ್ಚಿ ನನ್ನ ಹಳೇ ಸೀರ್ಯಾಗ ಸುತ್ತಿ ಪಡಸಾಲ್ಯಾಗ ಇಟ್ರು. ನಾಕು ತಿಂಗಳ ಮ್ಯಾಲೆ ಮೊದಲನೇ ಸಲ ನನ್ನ ಮಾರಿ ನೋಡಿ ಮಾತಾಡಿದ್ರು: "ಇದನ್ನ ನನ್ನ ಕೈಲೆ ರಿಪೇರಿ ಮಾಡಿ ಮತ್ತ ತೇಲಸ್ತೀನಿ. ಅದು ತೇಲಿದ್ರ ನಾನೂ ಅದೀನಿ. ಇಲ್ಲಂದ್ರ ಬಿಡು." ಆ 'ಬಿಡು' ಅನ್ನೂ ಮಾತಿಗೆ ನಾ ಸೆರಗಿನ ಗಂಟು ಮುಟ್ಟಿ ನೋಡಕೊಂಡ್ನಿ. ನನ್ನ ಕಣ್ಣಾಗ ಅದು ಬೋಟ್ ಅಲ್ಲ, ನನ್ನ ಕುಂಕುಮ ಅಂಗಳದಾಗ ಬೋರಲು ಬಿದ್ದಿತ್ತು.

ತಳದಾಗ ಐದು ಕಡೆ ಬಿರುಕಿದ್ದುವು. ಬಿರುಕು ತಿಕ್ಕಿ ಅಗಲ ಮಾಡಿ, ಗಾಜಿನ ಎಳಿಯ ಅರಬಿ ಹಾಸಿ, ರೆಸಿನ್ ಅನ್ನೂ ಅಂಟು ಬಳದು ತ್ಯಾಪಿ ಹಾಕಬೇಕು. ರೆಸಿನ್ ಬಿಗೀಲಿ ಅಂತ ಅದಕ್ಕ ಒಂದು ಔಷಧಿ ಹನಿ ಹಾಕ್ತಾರ, ಹಾರ್ಡನರ್ ಅಂತ. ನಮ್ಮ ಬಿಸಲಿಗೆ ಅದು ಜಾಸ್ತಿ ಆದ್ರ ಡಬ್ಬ್ಯಾಗನ ಹೊಗಿ ಎದ್ದು ಕಲ್ಲಾಗತೈತಿ ಅಂತ ಇವರು ಭಾಳ ಕಮ್ಮಿ ಹಾಕ್ತಿದ್ರು. ಹಂಗಾಗಿ ತ್ಯಾಪಿ ಪೂರಾ ಬಿಗ್ಯಾಕ ಮರದಿನ ಮುಂಜಾನೆ ಆಗ್ತಿತ್ತು. ನಾತ ತಾಳಲಾರದ ಆ ಡಬ್ಬಿ ಎಲ್ಲಾ ಮಾಳಗಿ ಮ್ಯಾಲಿನ ಸಣ್ಣ ಖೋಲ್ಯಾಗ ಇಟ್ಟಿದ್ವಿ. ದಿನಾ ನಾನ ಕೀಲಿ ತಗದು ಇಳಿಸಿ ಕೊಡ್ತಿದ್ನಿ, ನಾನ ಏರಿಸಿ ಇಡ್ತಿದ್ನಿ. "ನೀ ಯಾಕ ಹೊರ್ತಿ?" ಅಂತ ಒಂದಿನಾನೂ ಕೇಳಲಿಲ್ಲ ಅವರು.

ಮೊದಲಿನ ಎರಡು ತ್ಯಾಪಿ ಹಾಕಿದಾಗ ಸಾಲ್ಯಾಗ ಪರೀಕ್ಷಾ ನಡದಿದ್ದುವು. ನಾ ಮುಂಜಾನೆ ಬಸ್ಸಿಗೆ ಟಿಕೋಟಾಕ್ಕ ಹೋದ್ರ ಹೊಳ್ಳಿ ಬರೂದು ಸಂಜಿಗೆ. ಅಷ್ಟರಾಗ ಸೂಟಿ ಬಿಡ್ತು. ಸೂಟಿ ಬಿಟ್ಟದ್ದ ಘಾತ ಆತು.

ನಮ್ಮಪ್ಪ ಕಳ್ಳಕವಟಗಿಯೊಳಗ ಗೌಂಡಿ. ಸಣ್ಣಾಕಿದ್ದಾಗ ಸಾಲಿಯಿಂದ ಬಂದು ಪಾಟೀಚೀಲ ಒಗದು ನಾ ಮಾಡ್ತಿದ್ದ ಕೆಲಸ ಒಂದ: ಅಪ್ಪ ಕಟ್ಟಿದ ಹೊಸ ಗ್ವಾಡಿಗೆ ಕೊಡಲೆ ನೀರು ಹೊಡಿಯೂದು. ಸಿಮೆಂಟಿಗೆ ನೀರು ಕುಡಿಸಬೇಕು, ಇಲ್ಲಂದ್ರ ಬಿಸಲಿಗೆ ಬಿರೀತೈತಿ. ಗೋಣಿತಟ್ಟು ಹಸಿ ಮಾಡಿ ಮುಚ್ಚಬೇಕು. ಇದು ನನ್ನ ರಕ್ತದಾಗ ಐತಿ. ಮಟಮಟ ಮಧ್ಯಾಹ್ನದಾಗ, ಬಿಸಲಿಗೆ ಕಾದು ಬಿದ್ದ ಆ ಹೊಸ ತ್ಯಾಪಿ ನೋಡಿದ್ನಿ. ಅಯ್ಯ, ಇದು ಬಿರದರ ಇವರೂ ಬಿರೀತಾರ ಅನಸ್ತು. ಇವರು ಊಟ ಮಾಡಿ ಮಲಗಿದ ಕೂಡ್ಲೆ ಎರಡು ಕೊಡ ನೀರು ತಂದು ಸುರುವಿ, ಹಸಿ ಗೋಣಿತಟ್ಟು ಹೊಚ್ಚಿದ್ನಿ. ಕುಡಿಯೂ ನೀರಿಗೆ ಬರ ಇದ್ದ ಮನ್ಯಾಗ, ಜಳಕಾ ಬಿಟ್ಟು ಬೋಟಿಗೆ ನೀರು ಹೊಡದ್ನಿ! ಇವರು ಏಳೂದ್ರಾಗ ತಟ್ಟು ತಗದುಬಿಡ್ತಿದ್ನಿ, ನಮ್ಮ ಬಿಸಲಿಗೆ ಹಸಿ ಅನ್ನೂದು ಹತ್ತು ಮಿನಿಟ್ ನಿಲ್ಲೂದಿಲ್ಲ. ಹೇಳಲಿಲ್ಲ ಯಾಕಂದ್ರ, ಅವರ ಕೈಲೆ ಆತು ಅಂತನ ಅವರಿಗೆ ಅನಸ್ಲಿ ಅಂತ. ಸುಡ್ಲಿ ನನ್ನ ಶ್ಯಾಣೇತನ.

ಉಳಿದ ಮೂರೂ ತ್ಯಾಪಿಗೂ ಹಂಗ ಮಾಡಿದ್ನಿ. ಎಲ್ಲಾ ಮುಗೀಲಿ ಅಂತ ತಡದಿದ್ದ ಇವರು ಐದನೇದ್ದು ಹಾಕಿದ ಮರದಿನ ಮುಂಜಾನೆ ತಳಕ್ಕ ಕೈ ಆಡಸಿ ನೋಡಿದ್ರು. ಸೂಟಿಯಾಗ ಹಾಕಿದ ಮೂರೂ ಬೆಳ್ಳಗ, ಮೆತ್ತಗ. ಉಗರಲೆ ಎಬ್ಬಿಸಿದ್ರ ಹಾಲಿನ ಕೆನಿ ಬಂದಂಗ ತುದಿ ಎದ್ದು ಬಂತು. ಇವರು ಒಂದು ಸಲ ಬೋಟ್ ನೋಡಿದ್ರು, ಒಂದು ಸಲ ಕೈ ನೋಡಿದ್ರು. "ಮೊದಲು ಚಲೋನ ಆಗ್ತಿತ್ತು. ಬರಬರತ ಕೆಟ್ಟಾತು. ನನ್ನ ಕೈ ಸತ್ತಾವ" ಅಂದು ಒಳಗ ಹೋಗಿ ಮಲಗಿದ್ರು. ಅವತ್ತು ಊಟ ಇಲ್ಲ. ಮರದಿನಾನೂ ಇಲ್ಲ. ತುತ್ತು ಮಾಡಿ ಬಾಯಿ ತನಾ ಒಯ್ದ್ರೂ ಹಲ್ಲು ಬಿಚ್ಚಲಿಲ್ಲ.

ನಾ ಆ ಎದ್ದ ತುದಿ ಒಂದೀಟು ಹರಕೊಂಡು, ಕರಚೀಫಿನ್ಯಾಗ ಕಟಗೊಂಡು ಊರಾಗ ಹೋದ್ನಿ. ಬಸ್ಸಿನ ಬಾಡಿ ಕಟ್ಟೂ ಗ್ಯಾರೇಜಿನ ಕಡೆ ಒಬ್ರು ವಯಸ್ಸಾದ ಚಾಚಾ ಫೈಬರ್ ಕೆಲಸ ಮಾಡ್ತಾರ. ಅವರು ಆ ಚೂರು ಬೆರಳಾಗ ಹೊಸಕಿ, ಮೂಸಿ, "ಇದು ಬಿಗ್ಯೂಕಿಂತ ಮೊದಲ ನೀರು ಮುಟ್ಟೇತ್ರಿ ಅಕ್ಕಾರ. ಮಳಿಯಂತೂ ಇಲ್ಲ. ಯಾರು ಹಾಕಿದ್ರು ನೀರು?" ಅಂದ್ರು.

"ನಾನ ಹೊಡದ್ನಿ ಚಾಚಾ. ಗಟ್ಟಿ ಆಗ್ಲಿ ಅಂತ."

ಚಾಚಾ ನಕ್ಕರು, ನನ್ನ ಮಾರಿ ನೋಡಿ ನಗೂದು ಬಿಟ್ರು. "ಯಾ ಅಲ್ಲಾ. ಸಿಮೆಂಟ್ ಏನ್ರಿ ಇದು? ಪೂರಾ ಬಿಗೀಯೂತನಾ ಇದಕ್ಕ ನೀರ ವೈರಿ. ನಿಮ್ಮ ಯಜಮಾನರ ಕೈಯಾಗ ಏನೂ ದೋಷ ಇಲ್ಲ, ಹೋಗಿ ಹೇಳ್ರಿ."

ಹಣಿ ಹಣಿ ಬಡಕೋತ ಮನಿಗೆ ಬಂದ್ನಿ. ಅಂಗಳ ಖಾಲಿ. ಬಿಜ್ಜರಗಿಯೊಳಗ ನನ್ನ ನಾದಿನಿ ಅದಾಳ, ಇವರ ತಂಗಿ. ದ್ರಾಕ್ಷಿ ತ್ವಾಟ, ಮೂವತ್ತು ನಾಲ್ವತ್ತು ಕುರಿ. ಕುರಿಗೆ ನೀರು ಕುಡಿಸೂ ಬಾನಿ ಮಾಡಕೋ ಅಂತ ಇವರು ಆಕಿಗೆ ಫೋನ್ ಹಚ್ಚಿ, ಟೆಂಪೋದಾಗ ಬೋಟ್ ಕೊಟ್ಟು ಕಳಸಿಬಿಟ್ಟಿದ್ರು.

ನಾ ಹಾಸಿಗಿ ಮಗ್ಗಲ ಕುಂತು ಎಲ್ಲಾ ಹೇಳಿದ್ನಿ. ನೀರು, ಗೋಣಿತಟ್ಟು, ಚಾಚಾ ಅಂದದ್ದು, ಎಲ್ಲಾ. ಇವರು ಗ್ವಾಡಿ ಕಡೆ ಮಾರಿ ಮಾಡೇ ಅಂದ್ರು: "ನನ್ನ ಸಮಾಧಾನಕ್ಕ ಸುಳ್ಳು ಹುಟ್ಟಸಬ್ಯಾಡ. ಸಣ್ಣ ಹುಡುಗಗ ಹೇಳಿದಂಗ ಹೇಳ್ತೀಯಲ್ಲ." ದೇವರಾಣಿ ಅಂದ್ನಿ, ನಿಮ್ಮಾಣಿ ಅಂದ್ನಿ. ಕೇಳಲಿಲ್ಲ. ಇಡೀ ಜನ್ಮದಾಗ ನಾ ಹೇಳಿದ ಖರೇ ಮಾತು ಅದೊಂದ ಅವರಿಗೆ ಸುಳ್ಳು ಅನಸ್ತು.

ಮರದಿನ ಎದುರುಮನಿಯಾಕಿಗೆ, "ಇವರಿಗೆ ಜ್ವರ ಬಂದಾವ, ಸ್ವಲ್ಪ ಇಲ್ಲೇ ಕುಂಡ್ರವ್ವಾ" ಅಂತ ಹೇಳಿ, ಟಿಕೋಟಾ ಬಸ್ ಹಿಡದು, ಅಲ್ಲಿಂದ ಬಿಜ್ಜರಗಿಗೆ ಹೋದ್ನಿ. ಬೋಟ್ ಹೊಳ್ಳಿ ತರಬೇಕು, ಮುಂದಿಂದು ಏನೂ ಗೊತ್ತಿರಲಿಲ್ಲ. ತ್ವಾಟದ ಬದುವಿಗೆ ನಾಕು ಕಲ್ಲಿನ ಮ್ಯಾಲೆ ಬೋಟ್ ಅಂಗಾತ ಇಟ್ಟು, ತುಂಬ ನೀರು ಬಿಟ್ಟಿದ್ರು. ಕುರಿ ಸಾಲಾಗಿ ನಿಂತು ಕುಡಿಯಾಕತ್ತಿದ್ದುವು. ನಾದಿನಿ, "ವೈನಿ, ಸೋರತೈತಿ ಬೇ ಇದು" ಅಂದ್ಲು.

"ಎಲ್ಲಿ ಸೋರತೈತಿ?"

"ಕೆಳಗ. ಎಲ್ಲಾ ಕಡೆ ಅಲ್ಲ."

ಎಲ್ಲಾ ಕಡೆ ಅಲ್ಲ! ನಾ ಸೀರಿ ಕಚ್ಚಿ ಕಟ್ಟಿ, ಆ ರಾಡ್ಯಾಗ, ಕುರಿ ಹಿಕ್ಕ್ಯಾಗ ಅಂಗಾತ ಬಿದ್ದು ಬೋಟಿನ ಕೆಳಗ ಸರದ್ನಿ. ಸೂಟಿಯಾಗಿನ ಮೂರು ತ್ಯಾಪಿ ತಟತಟ ಸೋರಾಕತ್ತಿದ್ದುವು. ಸಾಲಿ ಇದ್ದಾಗಿನ ಎರಡು ಒಣಗಿ ಕಟ್ಟಿಗಿ ಆಗಿದ್ದುವು. ಬೋಟಿನ ಅಷ್ಟೂ ನೀರು ಮ್ಯಾಲೆ ಹೊತಗೊಂಡ್ರೂ ಒಂದು ಹನಿ ಇಲ್ಲ. "ಒಂದು ಹನಿ ಚೆಲ್ಲಬ್ಯಾಡ, ನಿಮ್ಮಣ್ಣನ್ನ ಕರಕೊಂಡು ಬರ್ತೀನಿ" ಅಂತ ನಾದಿನಿಗೆ ಹೇಳಿ ಓಡಿದ್ನಿ.

ಮನಿಗೆ ಬಂದು "ಏಳ್ರಿ" ಅಂದ್ನಿ. ಏಳಲಿಲ್ಲ. ಇಪ್ಪತ್ತಾರು ವರ್ಷದಾಗ ಮೊದಲನೇ ಸಲ ದನಿ ಏರಿಸಿದ್ನಿ: "ಏಳ್ತೀರೋ, ಹೊತಗೊಂಡು ಹೋಗ್ಲೋ?" ರಟ್ಟಿ ಹಿಡದು ಜಗ್ಗಿದ್ನಿ. ಜಗ್ಗೂದ್ರಾಗ ಸೆರಗು ಬಂದು ಅವರ ಮಾರಿಗೆ ಬಡೀತು, ಗಂಟಿನ್ಯಾಗಿನ ಕೀಲಿಕೈ ಅವರ ಹಣಿಗೆ ಹತ್ತಿತು. ಅವರು ಅದನ್ನ ಹಿಡದು ನೋಡಿದ್ರು.

"ಮಾಳಗಿ ಕೀಲಿ ಅಲ್ಲ ಇದು? ಎಷ್ಟು ದಿನಾತು ಕಟಗೊಂಡು?"

"ನೀವು ಕಟ್ಟಿ ತುದಿಗೆ ನಿಂತ ದಿನದಿಂದ."

ಗಂಟು ಕೈಬಿಟ್ರು. ಆಮ್ಯಾಲೆ ಎದ್ದು ಚಪ್ಪಲಿ ಹುಡಕಿದ್ರು.

ಬಿಜ್ಜರಗಿ ಮುಟ್ಟೂದ್ರಾಗ ಹೊತ್ತು ಇಳದಿತ್ತು. ಇವರು ಯಾರನ್ನೂ ಮಾತಾಡಸದ ಬೋಟಿನ ಕೆಳಗ ಸರದ್ರು. ನಾನೂ ಮಗ್ಗಲ ಸರದ್ನಿ. ಮಾರಿ ಮ್ಯಾಲೆ ಹನಿ ಬೀಳಾಕತ್ತಿದ್ದುವು. ಅವರು ಒಂದೊಂದ ತ್ಯಾಪಿಗೆ ಕೈ ಆಡಸಿದ್ರು, ಮೊದಲ ದಿನಾ ಮುಂಜಾನೆ ಆಡಸ್ತಿದ್ದಂಗ. ಒಣಗಿದ್ದರ ಮ್ಯಾಲೆ ಕೈ ನಿಂತಿತು.

"ಇವೆರಡು ಹಾಕಿದಾಗ ನೀ ಮನ್ಯಾಗ ಇರಲಿಲ್ಲ?"

"ಇರಲಿಲ್ರಿ. ಪರೀಕ್ಷಾ ಇದ್ದುವು."

"ಉಳಿದ ಮೂರಕ್ಕೂ ನೀರು ಹೊಡದಿ."

"ಹೊಡದ್ನಿ."

"ಎಷ್ಟು ಕೊಡ?"

"ದಿನಾ ಎರಡು."

ಅವರು ಗಲ್ಲ ಒರಸಿಕೊಂಡ್ರು. ಹನಿ ಇತ್ತೋ ಕಣ್ಣೀರೋ, ನಾ ನೋಡಾಕ ಹೋಗಲಿಲ್ಲ. ಆಮ್ಯಾಲೆ ಒದರಿದ್ರು, ಕುರಿ ಎಲ್ಲಾ ಬೆದರಿ ಹಿಂದ ಸರಿಯೂ ಹಂಗ: "ಏನ್ ಹುಚ್ಚಿ ಇದ್ದೀಯೇ ನೀ! ಜಳಕದ ನೀರು ತಂದು ಬೋಟಿಗೆ ಹಾಕ್ತಾರೇನು? ನನಗೊಂದು ಮಾತು ಕೇಳಾಕ ಬರ್ತಿದ್ದಿಲ್ಲೇನು?" ಬೈಲಿ, ಇನ್ನೂ ಬೈಲಿ ಅಂತ ನಾ ಆ ರಾಡ್ಯಾಗ ಮಲಗೇ ಅಳಾಕತ್ತಿದ್ನಿ. ಆರು ತಿಂಗಳ ಮ್ಯಾಲೆ ನನ್ನ ಗಂಡ ನನಗ ಬೈಯಾಕತ್ತಿದ್ದ.

ಹೊರಗ ಬಂದು, ನೀರು ಚೆಲ್ಲಾಕ ತಂಗಿಗೆ ಹೇಳಿ, ನನ್ನ ಕಡೆ ತಿರಿಗಿ ಕೈ ಚಾಚಿದ್ರು. "ಆ ಕೀಲಿಕೈ ಬಿಚ್ಚಿ ಕೊಡು. ನಾಳೆ ರೆಸಿನ್ ಡಬ್ಬಿ ನಾನ ಇಳಸ್ತೀನಿ."

ನಾ ಗಂಟು ಬಿಚ್ಚಾಕ ನೋಡಿದ್ನಿ. ಹಸಿ ಆಗಿ ಬಿಗದಿತ್ತು, ಬಿಚ್ಚಲಿಲ್ಲ. ಅವರು ಸೆರಗು ತಮ್ಮ ಕೈಗೆ ತಗೊಂಡು, ನಿಂತಲ್ಲೇ, ಸಾವಕಾಶ ಬಿಚ್ಚಿದ್ರು.