ಅರ್ಧ ಒಪ್ಪಿದ ಒಗ್ಗರಣೆ

ವಿಜಯಾಳ ಕೆಲಸ ಏನೆಂದು ಇಂಗ್ಲೆಂಡಿನ ಸ್ಟಾಕ್‌ಪೋರ್ಟ್‌ನ ಕನ್ನಡದವರಲ್ಲಿ ಅರ್ಧ ಜನಕ್ಕೆ ಗೊತ್ತಿರಲಿಲ್ಲ. ಗೊತ್ತಿದ್ದವರು ಅವಳನ್ನು ಊಟಕ್ಕೆ ಕರೆಯಲು ಹೆದರುತ್ತಿದ್ದರು. ದೊಡ್ಡದೊಂದು ಅಂತರರಾಷ್ಟ್ರೀಯ ಸಂಸ್ಥೆ ದೇಶದೇಶಗಳಲ್ಲಿ ಪ್ರಜಾಪ್ರಭುತ್ವ, ಮಾನವ ಹಕ್ಕು ಎಂದು ಕಾರ್ಯಕ್ರಮ ನಡೆಸುತ್ತದಲ್ಲ, ಅದರಿಂದ ಜನಕ್ಕೆ ನಿಜವಾಗಿ ಏನಾದರೂ ಆಯಿತೇ ಎಂದು ಹೋಗಿ ನೋಡಿ ಬರೆಯುವುದು ಅವಳ ಕೆಲಸ. ಹೋದಲ್ಲೆಲ್ಲ ಹಾರ ಹಾಕಿ 'ಎಲ್ಲಾ ಚೆನ್ನಾಗಿದೆ' ಎನ್ನುತ್ತಾರೆ. ಆ ಮಾತು ಕೇಳಿದರೆ ಅವಳಿಗೆ ಮೈ ಉರಿಯುತ್ತಿತ್ತು. ಹಾಗೆಂದವರನ್ನು ಯಜಮಾನರ ಕಣ್ಣಿಂದ ದೂರ ಕರೆದೊಯ್ದು, ನಿನ್ನೆ ಏನು ಮಾಡಿದಿರಿ ಎಂದಷ್ಟೇ ಕೇಳುತ್ತಿದ್ದಳು. ಅಭಿಪ್ರಾಯ ಕೇಳಿದರೆ ಜನ ಮರ್ಯಾದೆಗೆ ಸುಳ್ಳು ಹೇಳುತ್ತಾರೆ, ನಿನ್ನೆಯದನ್ನು ಕೇಳಿದರೆ ನಿಜ ತಾನಾಗಿ ಉದುರುತ್ತದೆ ಎಂಬುದು ಅವಳ ನಂಬಿಕೆ.

ಆ ವಾರ ಅವಳ ತಲೆ ಕಾದಿತ್ತು. ಒಂದು ದೇಶದಲ್ಲಿ ಊರ ಸಭೆಗಳಲ್ಲಿ ಹೆಂಗಸರ ಕೈಗೂ ಮೈಕ್ ಕೊಡಿ ಎಂದು ಶಿಫಾರಸು ಬರೆದಿದ್ದಳು. ಸಂಸ್ಥೆಯ ಅಲ್ಲಿನ ಕಚೇರಿ ಅದಕ್ಕೆ ಒಪ್ಪಿದ್ದೇವೆ, ಒಪ್ಪಿಲ್ಲ, ಇಲ್ಲವೇ ಭಾಗಶಃ ಒಪ್ಪಿದ್ದೇವೆ ಎಂದು ಉತ್ತರ ಕೊಡಬೇಕು. ಭಾಗಶಃ ಒಪ್ಪಿದ್ದರು. ಮೈಕ್ ಕೊಟ್ಟಿದ್ದಾರಂತೆ, ಸ್ವಿಚ್ಚು ಮಾತ್ರ ಅಧ್ಯಕ್ಷರ ಕುರ್ಚಿಯ ಪಕ್ಕ ಇದೆಯಂತೆ. ವಿಜಯಾ ಬೈದದ್ದು ಪಕ್ಕದ ಮನೆಗೂ ಕೇಳಿತು. ಕನ್ನಡದಲ್ಲಿ ಬೈದದ್ದರಿಂದ ಮಾನ ಉಳಿಯಿತು.

ಅದೇ ವಾರ ಅತ್ತೆ ಪುಟ್ಟಮ್ಮ ಗಂಟುಮೂಟೆ ಕಟ್ಟುವ ಮಾತೆತ್ತಿದರು. ತಿಪಟೂರಿನಿಂದ ಆರು ತಿಂಗಳಿಗೆಂದು ಬಂದವರು, ಒಂದು ತಿಂಗಳು ತುಂಬುವಷ್ಟರಲ್ಲಿ ಟಿಕೆಟ್ ಬದಲಾಯಿಸು ಎಂದು ಮಗನ ಬೆನ್ನು ಹತ್ತಿದರು. ಮಗ ರಾಜಶೇಖರ ಅಲ್ಲೇ ಡಾಕ್ಟರು. ತಾಯಿಯ ಬಿಪಿ ನೋಡಿದ, ಎಲ್ಲಾ ನಾರ್ಮಲ್ ಎಂದ, ಆಮೇಲೆ ಹೆಂಡತಿಯ ಮುಖ ನೋಡಿದ. ಲೋಕದ ಹಕ್ಕು ಕಾಯುವವಳ ಮನೆಯಲ್ಲಿ ಅತ್ತೆ ನಿಲ್ಲಲಿಲ್ಲ ಎಂದು ತಿಪಟೂರು ಆಡಿಕೊಳ್ಳುವುದು ಹಾಗಿರಲಿ, ವಿಜಯಾಗೆ ಆ ಮುದುಕಿ ಬೇಕಿತ್ತು. ಆ ಮನೆಯಲ್ಲಿ ಅವಳ ತಮಾಷೆಗೆ ನಗುವ ಜೀವ ಅದೊಂದೇ.

"ಏನಾದ್ರೂ ತೊಂದ್ರೆನಾ ಅತ್ತೆ?"

"ಏನಿಲ್ಲ ಕಣಮ್ಮ. ಎಲ್ಲಾ ಚೆನ್ನಾಗಿದೆ."

ಅದೇ ಮಾತು! ವಿಜಯಾ ಗಂಡನನ್ನು ಹಾಲು ತರಲು ಅಟ್ಟಿ, ಅತ್ತೆಯನ್ನು ಹಿತ್ತಲ ಬೆಂಚಿನ ಮೇಲೆ ಕೂರಿಸಿ, ನಿನ್ನೆ ಏನು ಮಾಡಿದಿರಿ ಎಂದು ಕೇಳಿದಳು.

"ನಿನ್ನೆ ಒಗ್ಗರಣೆ ಹಾಕ್ಲಿಲ್ಲ. ಮೊನ್ನೆನೂ ಹಾಕ್ಲಿಲ್ಲ. ಸಾರು ಅಂತ ನೀವು ಉಣ್ತಿರೋದು ಬೇಳೆ ತೊಳೆದ ನೀರು."

ಆಗ ನೆನಪಾಯಿತು. ಅತ್ತೆ ಬಂದ ಮರುದಿನ ಸಾಸಿವೆ ಸಿಡಿದು ಹೊಗೆ ಎದ್ದು ಅಡುಗೆಮನೆಯ ಸ್ಮೋಕ್ ಅಲಾರಂ ಊರೆಲ್ಲ ಕೇಳುವಂತೆ ಅರಚಿತ್ತು. ಇನ್ನು ಒಗ್ಗರಣೆ ಬೇಡ ಎಂದವಳು ತಾನೇ. ಹೇಳಿ ಮರೆತಿದ್ದಳು. ಅತ್ತೆ ಮರೆತಿರಲಿಲ್ಲ.

ಸರಿ ಹಾಕಿ ಎಂದಳು, ಆದರೆ ಒಳಗೆ ಬೇಡ, ಹಿತ್ತಲಲ್ಲಿ. ಕ್ಯಾಂಪಿಂಗ್‌ಗೆ ಒಯ್ಯುವ ಪುಟ್ಟ ಸ್ಟೋವ್ ಕೂಡ ತಂದುಕೊಟ್ಟಳು. ಮರುದಿನ ಮಗನ ಓವರ್‌ಕೋಟು, ಮಂಕಿ ಕ್ಯಾಪು ತೊಟ್ಟು ಪುಟ್ಟಮ್ಮ ಹಿತ್ತಲಿನಲ್ಲಿ ಕುಕ್ಕರುಗಾಲಲ್ಲಿ ಕೂತರು. ಗಾಳಿಗೆ ಉರಿ ಆರಿತು. ಹಚ್ಚಿದರು, ಮತ್ತೆ ಆರಿತು. ಕರಿಬೇವು ಬೇಲಿ ಹಾರಿ ಪಕ್ಕದ ಮನೆಯವರ ಗುಲಾಬಿ ಗಿಡ ಸೇರಿತು. ಒಳಗೆ ಬಂದು ಕೋಟು ಕಳಚಿ, ಟಿಕೆಟ್ ಏನಾಯಿತೆಂದು ಮಗನನ್ನು ಕೇಳಿದರು.

ರಾಜಶೇಖರನಿಗೆ ನಗು ತಡೆಯಲಾಗಲಿಲ್ಲ. "ನಿನ್ನ ಸೊಸೆ ಭಾಗಶಃ ಒಪ್ಪಿದ್ದಾಳಮ್ಮ. ಮೈಕ್ ನಿನ್ನ ಕೈಲಿದೆ, ಸ್ವಿಚ್ಚು ಗಾಳಿ ಕೈಲಿದೆ."

"ಹಂಗಾದ್ರೆ ನಾನೂ ಭಾಗಶಃ ಉಳ್ಕೊತೀನಿ," ಎಂದರು ಪುಟ್ಟಮ್ಮ. "ಸೂಟ್‌ಕೇಸು ಇಲ್ಲೇ ಇರ್ಲಿ. ನಾನು ಹೋಗ್ತೀನಿ."

ವಿಜಯಾ ಎಲೆಕ್ಟ್ರಿಷಿಯನ್‌ಗೆ ಫೋನ್ ಮಾಡಿದಳು. ಅವನು ಬಂದು ಹೊಗೆಗೆ ಕೂಗುವ ಅಲಾರಂ ಅನ್ನು ಮಹಡಿ ಮೆಟ್ಟಿಲ ಮೇಲಕ್ಕೆ ಸಾಗಿಸಿ, ಅಡುಗೆಮನೆಗೆ ಬಿಸಿಗೆ ಮಾತ್ರ ಕೂಗುವುದನ್ನು ಹಾಕಿದ. ಹೋಗುವಾಗ, ಅಡುಗೆಮನೆ ಬಾಗಿಲು ಹಾಕಿಕೊಳ್ಳಿ, ಇಲ್ಲದಿದ್ದರೆ ಹೊಗೆ ಹೋಗಿ ಮೆಟ್ಟಿಲ ಮೇಲಿನದು ಕೂಗುತ್ತದೆ ಎಂದು ಎಚ್ಚರಿಸಿದ. ಪುಟ್ಟಮ್ಮನಿಗೆ ಬಾಗಿಲು ಹಾಕಿ ಅಡುಗೆ ಮಾಡಿ ಅಭ್ಯಾಸವಿರಲಿಲ್ಲ.

ಟಿಕೆಟ್ ಹಳೆಯ ತಾರೀಖಿನಲ್ಲೇ ಉಳಿಯಿತು. ವಾರ ಕಳೆದ ಮೇಲೆ ವಿಜಯಾ ಈಗ ಹೇಗಿದೆ ಎಂದು ಕೇಳಿದಳು. ಎಲ್ಲಾ ಚೆನ್ನಾಗಿದೆ ಎಂದರು ಅತ್ತೆ. ಅವಳು ಬಿಡಲಿಲ್ಲ, ಬೆಂಚಿನ ಮೇಲೆ ಕೂರಿಸಿ ನಿನ್ನೆಯದನ್ನು ಕೇಳಿದಳು.

"ನಿನ್ನೆ ಅಲಾರಂ ಎರಡು ಸಲ ಕೂಗಿಸ್ದೆ," ಎಂದರು ಪುಟ್ಟಮ್ಮ. "ನಿನ್ನ ಗಂಡ ಟವಲ್ ಬೀಸ್ದ."